ತೂಕದ ಸಾಕಜ್ಜಿ

ನಮ್ಮ ಪಕ್ಕದ ಮನೆಯ ಸಾಕಜ್ಜಿಗೆ ಯಾರನ್ನು ಕಂಡರೂ ಮೊದಲು ಎತ್ತಿ ನೋಡಬೇಕು. ಕುಶಲ ವಿಚಾರ ಎಲ್ಲ ಆಮೇಲೆ. ನನ್ನನ್ನೂ ಎರಡೂ ಕಂಕುಳಿಗೆ ಕೈ ಹಾಕಿ, ನೆಲದಿಂದ ನಾಲ್ಕು ಬೆರಳು ಮೇಲೆತ್ತಿ, ಕಣ್ಣು ಮುಚ್ಚಿ, "ಅರವತ್ತೆಂಟು ಕೇಜಿ! ಹೋದ್ ತಿಂಗ್ಳಿಗಿಂತ ಎಲ್ಡು ಜಾಸ್ತಿ ಕಣವ್ವ, ಎಲ್ಲಾ ಹಬ್ಬದ್ ಹೋಳ್ಗೆ" ಎಂದು ಕೂಗಿ ಇಳಿಸುತ್ತಿದ್ದಳು. ಗಿರಣಿಯ ತಕ್ಕಡಿ ಹತ್ತಿದರೆ ಅಷ್ಟೇ ಇರುತ್ತಿತ್ತು. ಆ ಹೊತ್ತಿಗೆ ಬೀದಿಯಲ್ಲಿ ಗಂಡಸರು ಯಾರೂ ಇರದಿದ್ದರೆ ಶಿವನ ದಯೆ ಎಂದುಕೊಳ್ಳುತ್ತಿದ್ದೆ.

ಈ ವಿದ್ಯೆ ಅವಳಿಗೆ ಬಂದದ್ದು ಗಣಿಯಲ್ಲಿ. ಎಂಟು ವರ್ಷಕ್ಕೇ ಕಂದಿಕೆರೆ ಕಡೆಯ ಗುಡ್ಡದಲ್ಲಿ ಅದಿರಿನ ರಾಶಿಯ ಮುಂದೆ ಕೂರಿಸಿದ್ದರಂತೆ. ಭಾರವಿದ್ದರೆ ಅದಿರು, ಬಲಕ್ಕೆ. ಹಗುರವಿದ್ದರೆ ಬರೀ ಕಲ್ಲು, ಎಡಕ್ಕೆ. "ತೆಪ್ಪಾದ್ರೆ ಆ ಕಲ್ಲು ಎಡಕ್ಕೂ ಹೋಗ್ತಿರ್ಲಿಲ್ಲ, ಬಲಕ್ಕೂ ಹೋಗ್ತಿರ್ಲಿಲ್ಲ, ಸೀದಾ ನಮ್ ಬೆನ್ನಿಗೇ ಬತ್ತಿತ್ತು" ಎಂದು ನಗುವಳು. "ಇಸ್ಕೂಲಿಗೆ ನಾನ್ ಹೋಗ್ಲಿಲ್ಲ ಕಣವ್ವ, ನನ್ ಕೈ ಮಾತ್ರ ಕಲ್ತ್‌ಕೊಂಡ್ ಬಂತು."

ನಮ್ಮ ಅಟ್ಟದ ಕಾಯಿಗೂ ಅವಳೇ ಪರೀಕ್ಷಕಿ. ಉಂಡೆ ಕೊಬ್ಬರಿಯ ಕಾಯಿ ವರ್ಷವಿಡೀ ಅಟ್ಟದಲ್ಲಿ ಒಣಗಬೇಕು. ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಇಳಿಸುವುದು. ನನ್ನ ಮಗಳನ್ನು ನೋಡಲು ಬಂದ ಹುಡುಗನನ್ನೂ ಅಜ್ಜಿ ಹಾಗೇ ಎತ್ತಿ ಅಲ್ಲಾಡಿಸಿದಳು. "ಐವತ್ತೈದು. ಊಟ ಸಾಲ್ದು. ಆದ್ರೆ ಒಳಗೆ ಕೊಳ್ತಿಲ್ಲ, ಇಟ್ಕಳಿ!" ಕಾಫಿ ಲೋಟದ ಸಮೇತ ಮೇಲೇರಿದ್ದ ಹುಡುಗ ಇಳಿದ ಕೂಡಲೇ ಒಪ್ಪಿಕೊಂಡ. ಕಾಫಿ ಬೀಗಿತ್ತಿಯ ಸೀರೆ ತಪ್ಪಿಸಿ ನನ್ನ ಸೀರೆಯ ಮೇಲೆ ಬಿತ್ತು. ಅದೂ ಒಂದು ದಯೆಯೇ ಎಂದು ಅಂದಿನ ಪೂಜೆಯಲ್ಲಿ ಎಣಿಸಿದೆ.

ಹಿಂದಿನ ಬೀದಿಯ ರತ್ನಿಗೆ ಆಗ ಹನ್ನೆರಡು ವರ್ಷ. ಶಾಲೆಗೆ ಹೋಗುವಾಗ ದಿನಾ ನಮ್ಮ ದಾಸವಾಳ ಕದಿಯುತ್ತಿದ್ದವಳು ಒಂದು ವಾರ ಕಾಣಲಿಲ್ಲ. ಗಿಡದ ತುಂಬ ಹೂವು ನೋಡಿ ನನಗೇ ಭಯವಾಯಿತು. ವಿಚಾರಿಸಿದರೆ, ಊರಾಚೆಯ ಕಲ್ಲು ಕ್ವಾರಿಯ ಮೇಸ್ತ್ರಿ ಅವಳ ತಾಯಿಗೆ, "ಮಗಳನ್ನೂ ಕರ್ಕೊಂಡ್ ಬಾ, ಇಲ್ದಿದ್ರೆ ನೀನೂ ಬ್ಯಾಡ" ಎಂದು ಹೆದರಿಸಿ, ಹುಡುಗಿಯನ್ನು ಜಲ್ಲಿ ಒಡೆಯಲು ಕೂರಿಸಿದ್ದ. ಸಾಕಜ್ಜಿಗೆ ಅನ್ನ ಸೇರಲಿಲ್ಲ. "ನನ್ ಕೈ ಕಲ್ತಿದ್ದು ಆ ಮಗೀನ್ ಕೈ ಕಲೀಬಾರ್ದು" ಎಂದು ನನ್ನಿಂದ ಮಕ್ಕಳ ಸಹಾಯವಾಣಿಗೆ ಫೋನು ಮಾಡಿಸಿದಳು.

ಆಫೀಸರು ಕ್ವಾರಿಗೆ ಬಂದರು. ನಾವಿಬ್ಬರೂ ಹಿಂದೆಯೇ ಹೋದೆವು. ದೂರು ಸಾಕಜ್ಜಿಯದೇ ಎಂದು ಮೊದಲೇ ಸುಳಿವು ಸಿಕ್ಕಿದ್ದ ಮೇಸ್ತ್ರಿ ರತ್ನಿಗೆ ಸೀರೆ ಉಡಿಸಿ ನಿಲ್ಲಿಸಿದ್ದ. "ಹದ್ನೆಂಟು ತುಂಬೈತೆ ಸಾರ್, ಆಳು ಕುಳ್ಳಿ ಅಷ್ಟೇಯ." ತಾಯಿ ತಲೆ ಎತ್ತಲಿಲ್ಲ.

"ನಾನ್ ಎತ್ತಿ ಯೋಳ್ತೀನಿ, ತಡೀರಿ ಸ್ವಾಮಿ" ಎಂದು ಸಾಕಜ್ಜಿ ಮುಂದೆ ನುಗ್ಗಿದಳು. ನಂಬಿಕೆ ಬರಲೆಂದು ಮೊದಲು ಆಫೀಸರನ್ನೇ ಎತ್ತಿದಳು. "ಎಪ್ಪತ್ತೆರಡು!"

ಆಫೀಸರು ಗಾಳಿಯಲ್ಲಿ ಕಾಲಾಡಿಸುತ್ತ, "ಸರಿಯಾಗೇ ಇದೆ, ಇಳಿಸಮ್ಮ" ಅಂದರು.

ಆಮೇಲೆ ರತ್ನಿ. ಅಜ್ಜಿ ಕಣ್ಣು ಮುಚ್ಚಿದಳು. "ನಲ್ವತ್ತು."

ಮೇಸ್ತ್ರಿ ಹಲ್ಲು ಕಿರಿದ. ನನ್ನ ಬಾಯಲ್ಲಿ ಪಂಚಾಕ್ಷರಿ ನಿಂತೇಹೋಯಿತು.

"ಅದ್ರಾಗೆ ಹುಡ್ಗಿ ಮೂವತ್ತು. ಮಿಕ್ಕಿದ್ದು ಕಲ್ಲು ಕಣ್ಲಾ!" ಎಂದವಳೇ ಅಜ್ಜಿ ರತ್ನಿಯ ಮಡಿಲು ಬಿಚ್ಚಿದಳು. ಜಲ್ಲಿ ದಬದಬನೆ ಆಫೀಸರ ಪಾದದ ಮೇಲೆ ಸುರಿಯಿತು. ಸಾಕಜ್ಜಿ ಎತ್ತದೆ ಬಿಡುವವಳಲ್ಲ ಎಂದು ಗೊತ್ತಿದ್ದ ಮೇಸ್ತ್ರಿ, ದೊಡ್ಡವಳ ಭಾರ ಬರಲೆಂದು ತುಂಬಿಸಿದ್ದ!

ಆಫೀಸರು ಕುಂಟುತ್ತ, "ನಿಜವಾಗ್ಲೂ ದೊಡ್ಡವಳಾಗಿದ್ರೆ ಇದು ಯಾಕಯ್ಯಾ?" ಅಂದರು. ಆಗ ತಾಯಿ ಬಾಯಿಬಿಟ್ಟಳು: "ಹನ್ನೆರಡೇಯ ಸ್ವಾಮಿ."

ರತ್ನಿ ಶಾಲೆಗೆ ಮರಳಿದಳು. ಅವಳ ತಾಯಿ ನಮ್ಮ ಅಂಗಳದಲ್ಲಿ ಕಾಯಿ ಕೆಲಸಕ್ಕೆ ಬಂದಳು. ದಾಸವಾಳ ಮತ್ತೆ ಕಳುವಾಗತೊಡಗಿತು.

ಹೋದ ವರ್ಷ ಸಾಕಜ್ಜಿ ಹಾಸಿಗೆ ಹಿಡಿದಳು. ನಾನು ವಿಭೂತಿ ತೆಗೆದುಕೊಂಡು ಹೋದಾಗ, ಈಗ ಎತ್ತರಕ್ಕೆ ಬೆಳೆದಿದ್ದ ರತ್ನಿ ಅವಳ ಕಂಕುಳಿಗೆ ಕೈ ಹಾಕಿ ಎತ್ತಿ ಜಗಲಿಯ ಬಿಸಿಲಿಗೆ ಕೂರಿಸುತ್ತಿದ್ದಳು.

"ಎಷ್ಟಿದೀನಿ ಯೋಳೇ?"

"ನಂಗೆ ಕೇಜಿ ಗೀಜಿ ಗೊತ್ತಾಗಲ್ಲ ಕಣಜ್ಜಿ. ಅಲ್ಲಾಡ್ಸುದ್ರೆ ಗಡಗಡ ಅಂತೀಯ."

ಅಜ್ಜಿ ಬೊಚ್ಚು ಬಾಯಿ ತುಂಬ ನಕ್ಕಳು. "ಗೊತ್ತಾಗಲ್ವಾ? ಒಳ್ಳೇದಾಯ್ತು ಬುಡು. ನಾನೂ ಚೆನ್ನಾಗ್ ಒಣಗಿದೀನಿ ಅಂತಾಯ್ತು. ಇನ್ನು ಶಿವಪ್ಪ ಅಟ್ಟದಿಂದ ಇಳಿಸ್ಕಳ್ಲಿ."

ವಾರದೊಳಗೆ ಇಳಿಸಿಕೊಂಡ. ನನ್ನ ತೂಕ ಈಗ ಬೀದಿಗೆ ತಿಳಿಯುವುದಿಲ್ಲ. ಅದೊಂದನ್ನು ಮಾತ್ರ ದಯೆ ಎಂದು ಎಣಿಸಲು ಮನಸ್ಸು ಬಾರದು. ರತ್ನಿಯ ಕೈಗೆ ಇನ್ನೂ ಯಾವುದರ ತೂಕವೂ ತಿಳಿಯದು. ಅದನ್ನು ದಿನಾ ಪೂಜೆಯಲ್ಲಿ ತಪ್ಪದೆ ಎಣಿಸುತ್ತೇನೆ.