ಉಡಿ ಖಣದ ಮತ

ಮೊನ್ನೆ ನವನಗರದ ನಮ್ಮ ಮನೆಯ ಟ್ರಂಕು ತೆರೆದರೆ, ನುಸಿಗುಳಿಗೆಯ ವಾಸನೆಯ ಜೊತೆಗೆ ರವಿಕೆಗೆಂದು ನೇಯುವ ಕೆಂಪು ಖಣದ, ಎರಡು ಬೆರಳಗಲದ ಚೂರೊಂದು ಕೈಗೆ ಬಂತು. ಸೀರೆ ಹುಡುಕುವುದನ್ನು ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ. ನಮ್ಮ ಅಕ್ಕೋರು...

ಟೀಚರನ್ನು ಅಕ್ಕೋರು ಎನ್ನುವುದೇ ನಮ್ಮ ಕಡೆಯ ರೂಢಿ. ಗುಳೇದಗುಡ್ಡದ ಶಾಲೆಯಲ್ಲಿ ನಮಗೆ ಪೌರನೀತಿ ಕಲಿಸಿದವರು ಅವರು. ಹುನಗುಂದದ ಕಡೆಯವರು, ಜೋರು ದನಿ, ಅದಕ್ಕಿಂತ ಜೋರು ನಗು. ಪುಸ್ತಕ ಓದಿಸಿ ಕೈತೊಳೆದುಕೊಳ್ಳುವ ಪೈಕಿ ಅಲ್ಲವೇ ಅಲ್ಲ. ಗ್ರಾಮಸಭೆಯ ಪಾಠವಿದ್ದರೆ ಬೇವಿನ ಮರದ ಕೆಳಗೆ ನಾವೇ ಸಭೆ ಕೂಡಿ ಜಗಳಾಡಬೇಕು. ಚುನಾವಣೆಯ ಪಾಠ ಬಂದಾಗ ಚುನಾವಣೆಯನ್ನೇ ಇಟ್ಟರು.

ತರಗತಿಯ ಲೀಡರ್ ಆಗಲು ನನ್ನ ಜೀವದ ಗೆಳತಿ ನಿಂತಳು. ಎದುರಿಗೆ ಒಬ್ಬ ಹುಡುಗ, ಶಾಲೆಯ ನೀರಿನ ಟಾಕಿ ತೊಳೆಸುತ್ತೇನೆ ಎಂದವನು. ಕರಿಹಲಗೆಯ ಹಿಂದೆ ಇಬ್ಬರ ಹೆಸರಿನ ಎರಡು ಗಡಿಗೆ. ಮತಚೀಟಿಯ ಬದಲು ಮನೆಯಿಂದ ಒಂದು ಖಣದ ಚೂರು ತಂದು, ಬೇಕಾದವರ ಗಡಿಗೆಗೆ ಹಾಕಬೇಕು. ಮನೆಮನೆಯಲ್ಲೂ ಮಗ್ಗವಿದ್ದ ಊರು, ಚೂರಿಗೇನು ಬರ!

ಎಡವಟ್ಟಾಗಿದ್ದು ಅಲ್ಲೇ. ಯಾರ ಮನೆಯ ಮಗ್ಗದ ಮೇಲೆ ಈಗ ಯಾವ ಬಣ್ಣವಿದೆ ಎಂಬುದು ನೇಕಾರರ ಮಕ್ಕಳಾದ ನಮಗೆಲ್ಲ ಗೊತ್ತು. ಗಡಿಗೆ ಸುರಿದರೆ ಆ ಹುಡುಗನ ರಾಶಿಯಲ್ಲಿ ನಮ್ಮ ಮನೆಯ ಗಿಳಿಹಸಿರು ಹಲ್ಲು ಕಿರಿಯುತ್ತಿತ್ತು. ಗೆಳತಿ ಸೋತಿದ್ದಳು.

"ನನ್ನ ಗೆಳತಿ ಆಗಿ ಅವಗ ಹಾಕಿದಿ ಅಲ್ಲಬೇ?" ಎಂದವಳು ಮಾತೇ ಬಿಟ್ಟಳು. ಟಾಕಿಯ ನೀರಿನಲ್ಲಿ ಹುಳ ಕಂಡವಳು ನಾನು, ಸರಿಯೆನಿಸಿದ್ದಕ್ಕೇ ಹಾಕಿದ್ದೆ. ಆದರೂ ಬುತ್ತಿಯ ರೊಟ್ಟಿಯನ್ನು ಹಾಗೇ ಮನೆಗೆ ವಾಪಸು ಒಯ್ಯುತ್ತಿದ್ದೆ. ಅವಳಿಲ್ಲದ ಶಾಲೆಯೇ ಬೇಡವಾಗಿತ್ತು.

ಸಂಗತಿ ತಿಳಿದಾಗ ಅಕ್ಕೋರು ಹಣೆ ಚಚ್ಚಿಕೊಂಡರು. "ತಪ್ಪು ನಂದವಾ. ಮತ ಗುಟ್ಟಾಗಿ ಇರಬೇಕಂತ ಪಾಠಾ ಹೇಳಿ, ನಾನ ಬಯಲಿಗಿಟ್ಟೆ."

ಮರುದಿನ ಒಂದು ಹೊಸ ಕೆಂಪು ಖಣ ತಂದರು. ತವರಿನಲ್ಲಿ ಮಡಿಲಿಗೆ ಅಕ್ಕಿ-ಕಾಯಿ ಇಟ್ಟು ಹರಸಿ ಅವರ ಉಡಿ ತುಂಬಿದಾಗ ಕೊಟ್ಟಿದ್ದು. ಕೈಯಲ್ಲಿ ಕತ್ತರಿ ಕಂಡು ನಾವು ಹೌಹಾರಿದೆವು.

"ಅಯ್ಯ, ಉಡಿ ಖಣಾ ಕತ್ತರಸ್ತೀರೇನ್ರಿ ಅಕ್ಕೋರ?"

"ನಾ ಜಂಪರ್ ಇನ್ನೊಂದು ಹೊಲಿಸ್ಕೋತೇನಿ. ಸಾಲಾಗಿ ಬರ್ರಿ."

ಚೂರು ಕತ್ತರಿಸಿ ಹಂಚಿ ಮತ್ತೊಮ್ಮೆ ಮತ ಹಾಕಿಸಿದರು, ಎಲ್ಲರ ಕೈಯಲ್ಲೂ ಒಂದೇ ಬಣ್ಣ. ಯಾರಿಗೆ ಹಾಕಿದೆವೆಂದು ಯಾರಿಗೂ ಹೇಳಬಾರದೆಂದು ಒಬ್ಬೊಬ್ಬರಿಂದಲೂ ಮಾತು ತೆಗೆದುಕೊಂಡರು. ಗೆಳತಿ ಮತ್ತೆ ಸೋತಳು. ಈ ಸಲ ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಮಧ್ಯಾಹ್ನ ಬುತ್ತಿ ಹಿಡಿದು ಬಂದು, "ಸರಕೋಬೇ ಅತ್ತಾಗ" ಎಂದು ಪಕ್ಕದಲ್ಲಿ ಕುಳಿತಳು. ನನಗೆ ಅಳುವೇ ಬಂತು. ಎಣಿಸಿದ ಚೂರುಗಳನ್ನು ಅಕ್ಕೋರು ನಮಗೇ ಹಂಚಿದರು.

ಅಕ್ಕೋರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಚೂರಿನ ಫೋಟೊ ಗೆಳತಿಗೆ ಕಳಿಸಿದೆ. ಕೂಡಲೇ ಫೋನು ಬಂತು. ಅವಳು ಇಷ್ಟು ವರ್ಷ ಕೇಳುತ್ತ ಬಂದದ್ದನ್ನೇ ಕೇಳಿದಳು.

"ಈಗರ ಹೇಳಬೇ, ಎರಡನೇ ಸಲ ಯಾರಿಗೆ ಹಾಕಿದಿ? ಮಾತು ತಗೊಂಡವರ ಇಲ್ಲಲ್ಲ ಈಗ."

"ಅದಕ್ಕ ನೋಡು, ಹೇಳಂಗಿಲ್ಲ" ಎಂದೆ.

ಆ ಕಡೆಯಿಂದ ಅವಳು ಬಿಕ್ಕುವುದು ಕೇಳಿಸಿತು.