ಬಿಸಿನೀರಕ್ಕ ಕಟ್ಟಿದ ಪೊರೆ

ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ನೆಲ ಒರೆಸುವ ಆಕೆಗೆ ಎಲ್ಲರೂ ಇಟ್ಟ ಹೆಸರು ಬಿಸಿನೀರಕ್ಕ. ಕೊಳೆ ಯಾವುದೇ ಇರಲಿ, ಕುದಿಯುವ ನೀರೇ ಮದ್ದು. ಮನೆಯಲ್ಲಿ ಮೊಮ್ಮಗಳು ಕೆಲಸದ ಬಗ್ಗೆ ಕೇಳಿದರೆ ಮಾತ್ರ ಪೊರಕೆಯ ವಿಷಯ ನುಂಗಿಕೊಂಡು, ಒರೆಸುತ್ತ ಕೇಳಿಸಿಕೊಂಡ ಪಾಠವನ್ನು ಒಪ್ಪಿಸುತ್ತಿದ್ದಳು. "ನಮ್ಮಜ್ಜಿ ಅಲ್ಲಿ ಪಾಠ ಹೇಳ್ತಾಳೆ" ಎಂದು ಮೊಮ್ಮಗಳು ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು. ಈಗ ಆ ತರಗತಿಯೇ ಇಲ್ಲಿಗೆ ಬರುವುದಿತ್ತು.

ಗಾಬರಿಯಾದರೆ ಬಿಸಿನೀರಕ್ಕನ ಕೈ ಸುಮ್ಮನಿರದು. ಜೀವಕೋಶದ ಪೊರೆಯ ಮಾದರಿಯ ಮೇಲೂ ಬಿಸಿನೀರು ಸುರಿದುಬಿಟ್ಟಳು.

"ಅಯ್ಯೋ ಅಕ್ಕಾ, ಅದು ಮೇಣ, ಕರಗಿಹೋಯ್ತು!" ವಿವರಣೆ ಹೇಳುವ ಮೇಷ್ಟ್ರು ತಲೆ ಮೇಲೆ ಕೈಹೊತ್ತರು. "ಮಕ್ಕಳು ಬಾಗಿಲಿಗೆ ಬಂದಾಯ್ತು. ಏನ್ ತೋರಿಸ್ಲಿ ಈಗ?"

"ಮೇಣ ಹೋದ್ರೆ ಹೋಯ್ತು, ಮಕ್ಕಳಿದ್ದಾರಲ್ಲ!"

ಎಲ್ಲಿಂದ ಬಂತೋ ಧೈರ್ಯ, ಒಳಬಂದ ಮಕ್ಕಳನ್ನು, ಮೊಮ್ಮಗಳನ್ನೂ ಸೇರಿಸಿ, ಬೆನ್ನಿಗೆ ಬೆನ್ನು ಮಾಡಿ ಎರಡು ಸಾಲು ನಿಲ್ಲಿಸಿದಳು. "ನೀವೆಲ್ಲ ಪೊರೆಯ ಕೊಬ್ಬಿನ ಕಣ, ಒಂದು ತಲೆ, ಎರಡು ಬಾಲ. ಪೊರೆಯ ಎರಡೂ ಕಡೆ ನೀರು. ತಲೆಗೆ ನೀರು ಇಷ್ಟ, ಮುಖ ಹೊರಗೆ. ಕೈಗಳೇ ಬಾಲ, ಅವಕ್ಕೆ ನೀರು ಕಂಡ್ರಾಗಲ್ಲ, ಹಿಂದಕ್ಕೆ ಚಾಚಿ. ಹೂಂ, ಚಳಿ! ಬಾಲ ನೆಟ್ಟಗೆ, ಒತ್ತಿ ನಿಂತ್ಕೊಳ್ಳಿ!"

ಯಾರೂ ಅಲ್ಲಾಡಲಾಗದೆ ಸಾಲು ಸೆಟೆದು ನಿಂತಿತು.

"ಈಗ ಒಬ್ಬರು ಬಿಟ್ಟು ಒಬ್ಬರು ಒಂದು ಮೊಣಕೈ ಮಡಚಿ!"

ಮೊಣಕೈಗಳು ಪಕ್ಕದವರ ಪಕ್ಕೆಗೆ ತಿವಿದವು. ಕಚಗುಳಿಗೆ ಕಿರುಚಾಟ ಎದ್ದು, ನಡುವೆ ಸಂದು ಬಿಟ್ಟುಕೊಂಡು, ಸಾಲು ಜೋಕಾಲಿಯ ಹಾಗೆ ತೂಗಿತು.

"ಚಳೀಲಿ ಬೆಣ್ಣೆ ಗಟ್ಟಿ, ಅಡುಗೆ ಎಣ್ಣೆ ಹರಿಯುತ್ತೆ. ಯಾಕೆ? ಎಣ್ಣೆಯ ಬಾಲ ಸೊಟ್ಟ! ತಣ್ಣೀರಿನ ಮೀನು ತನ್ನ ಪೊರೇಲಿ ಸೊಟ್ಟಬಾಲ ಜಾಸ್ತಿ ಮಾಡ್ಕೊಂಡು ಬದುಕುತ್ತೆ. ಈಗ ಸೆಕೆ, ಸೆಕೆ!"

ಸಾಲು ದಿಕ್ಕಾಪಾಲಾಗಿ ಓಡುವುದರಲ್ಲಿತ್ತು. ಬಿಸಿನೀರಕ್ಕ ಬಾಗಿಲಲ್ಲಿದ್ದ ದಢೂತಿ ಕಾವಲುಗಾರನನ್ನು ಎಳೆದು ನಡುವೆ ನೂಕಿದಳು. "ಇವರು ಕೊಲೆಸ್ಟರಾಲು! ಸೆಕೇಲಿ ಚದುರೋಕೆ ಬಿಡಲ್ಲ, ಚಳೀಲಿ ಸೆಟೆದು ಅಂಟ್ಕೊಳ್ಳೋಕೂ ಬಿಡಲ್ಲ."

ಕಾವಲುಗಾರ ನಾಚಿ ಕೆಂಪಾದ, ಆಮೇಲೆ ಕುಣಿಯತೊಡಗಿದ. ಮೇಷ್ಟ್ರೂ ಬಾಲ ಮಡಚಿ ಸಾಲು ಸೇರಿದರು.

ಶಾಲೆಯ ಟೀಚರ್ ನಗುತ್ತ ಕಣ್ಣೊರೆಸಿಕೊಂಡರು. "ಮೇಡಂ, ನೀವು ಇಲ್ಲಿ ಯಾವ ವಿಭಾಗದ ಮುಖ್ಯಸ್ಥರು?"

ಬಿಸಿನೀರಕ್ಕ ಗೋಡೆಗೆ ಒರಗಿಸಿದ್ದ ಒರೆಸುವ ಕೋಲನ್ನು ಕೈಗೆತ್ತಿಕೊಂಡಳು. ಒಂದು ಸುಳ್ಳು ಸಾಕಿತ್ತು, ಮೊಮ್ಮಗಳ ಮಾನ ಉಳಿಯುತ್ತಿತ್ತು. ಆದರೆ ಅಷ್ಟು ಹೊತ್ತು ನಿಜ ಹೇಳಿದ ಬಾಯಿಗೆ ಸುಳ್ಳು ಬರಲಿಲ್ಲ.

"ನಾನು ನೆಲ ಒರೆಸೋಳು ತಾಯಿ. ಮಾದರಿ ಕರಗಿಸಿದ್ದೂ ನಾನೇ."

ಆಕೆ ಮೊಮ್ಮಗಳ ಕಡೆ ನೋಡಲಾರದೆ ನೋಡಿದಳು. ಹುಡುಗಿಯ ಮೊಣಕೈ ಇನ್ನೂ ಮಡಚಿಕೊಂಡೇ ಇತ್ತು.

"ನಂಗೊತ್ತಿತ್ತಜ್ಜಿ," ಅಂದಳು. "ದಿನಾ ನಿನ್ ಕೈ ಫಿನಾಯಿಲ್ ವಾಸನೆ ಹೊಡೆಯುತ್ತಲ್ಲ. ಆದ್ರೂ ನಂಗೆ ಪಾಠ ಹೇಳಿದ್ದು ನೀನೇ ತಾನೆ? ಈಗ ಬೇಗ ಮೊದಲಿಂದ ಚಳಿ ಅನ್ನು, ಬಾಲ ನೆಟ್ಟಗೆ ಮಾಡ್ಬೇಕು, ಕೈ ನೋಯ್ತಿದೆ!"

ಬಿಸಿನೀರಕ್ಕ ಖುಷಿಯಿಂದ ಒರೆಸುವ ಕೋಲನ್ನೇ ಮೇಲೆತ್ತಿ ಕೂಗಿದಳು: "ಚಳಿ!"