ಹೊರೆಗಲ್ಲಿಗೆ ಹಿಡಿದ ಮರ

ಕಳೆದ ತಿಂಗಳು ನಮ್ಮ ಯಜಮಾನರ ಸಮಾಧಿಗೆ ಕಲ್ಲು ಹೇಳಿಬರಲು ತಿಪಟೂರಿಗೆ ಹೋಗಿದ್ದೆ. ಅಂಗಡಿಯ ಹಿಂದೆ ಮಿಷನ್ನು ಕಲ್ಲು ಕೊಯ್ಯುತ್ತಿತ್ತು. ನೆಂದ ಕಲ್ಲುಪುಡಿ, ನೆಂದ ಮರ, ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಎದುರುಮನೆ ಮಾವನ ಶೆಡ್ಡಿನ ವಾಸನೆ ಅದು…

ಎಂಬತ್ತರ ದಶಕದ ಮೊದಲಲ್ಲಿ, ನನಗಿನ್ನೂ ಮದುವೆಯಾಗದಿದ್ದಾಗ, ನಾವು ಚಿಕ್ಕನಾಯಕನಹಳ್ಳಿಯಲ್ಲಿದ್ದೆವು. ಮಾವ ಅಂದರೆ ನೆಂಟರಲ್ಲ, ಕರೆದು ಕರೆದು ಮಾವ ಆದವರು. ಹುಳಿಯಾರು ರಸ್ತೆಯಲ್ಲಿ ಕಲ್ಲು ಕೊಯ್ಯುವ ಮಿಷನ್ ಇಟ್ಟಿದ್ದರು. ಅವರ ಒಬ್ಬಳೇ ಮಗಳು ನನ್ನ ಜೊತೆ ಓದಿದವಳು. ಬಿಳಿಗೆರೆಗೆ ಮದುವೆಯಾಗಿ ಹೋದಳು. ಚೊಚ್ಚಲ ಬಸುರಿ, ಹೆರಿಗೆಯಾಗದೆಯೇ ತೀರಿಕೊಂಡಳು. ಸುದ್ದಿ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಕೈ ಹಾಗೇ ಹಿಟ್ಟಿನಲ್ಲಿ ಉಳಿಯಿತು.

ಬಸುರಿ ಸತ್ತರೆ ದಾರಿ ಬದಿಯಲ್ಲಿ ಹೊರೆಗಲ್ಲು ನಿಲ್ಲಿಸುವುದು ನಮ್ಮವರ ಪದ್ಧತಿ. ಎರಡು ಕಂಬ, ಮೇಲೊಂದು ಅಡ್ಡಗಲ್ಲು. ತಲೆ ಮೇಲೆ ಕಾಯಿ, ಸೌದೆ ಹೊತ್ತು ಬರುವವರು ಅದರ ಮೇಲೆ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಾರೆ. ಅವರು ಇಳಿಸಿದಷ್ಟೂ ಅವಳ ಹೊರೆ ಹಗುರವಾಗುತ್ತದೆಂದು ನಂಬಿಕೆ. ಮಗಳ ಅಡ್ಡಗಲ್ಲನ್ನು ನಾನೇ ಕೊಯ್ಯುತ್ತೇನೆಂದರು ಮಾವ.

ಕಲ್ಲು ಹಿಡಿಯುವ ವೈಸಿನ ಕಬ್ಬಿಣದ ದವಡೆಗಳ ಒಳಮೈಗೆ ಮರದ ಹಲಗೆ ಕೊಡಬೇಕು, ಇಲ್ಲದಿದ್ದರೆ ಕಲ್ಲು ನಿಲ್ಲುವುದಿಲ್ಲ. ಹಳೆಯವು ಸವೆದುಹೋಗಿದ್ದವು. ಪಕ್ಕದ ಬಡಗಿ ತೆಂಗಿನ ಹಲಗೆ ತಂದ.

“ತೆಂಗಿನ ಸೀಮೇಲಿ ಕೂತ್ಕಂಡು ಮರ ಹುಡುಕ್ತೀಯಲ್ಲಣ್ಣ, ನೋಡು, ಕಬ್ಬಿಣ ಇದ್ದಂಗೈತೆ!”

“ಕಬ್ಬಿಣ ನನ್ ತಾವೇ ಐತೆ ಕಣ್ಲಾ, ಮರ ಇದ್ರೆ ಕೊಡು,” ಅಂದರು ಮಾವ.

ಆದರೂ ಹಾಕಿ ನೋಡಿದರು. ಬ್ಲೇಡು ತಾಗುತ್ತಲೇ ಕಲ್ಲು ಜಾರಿ ಒಂದು ಮೂಲೆ ಹಾರಿಹೋಯಿತು. ಇನ್ನೊಮ್ಮೆ ಜಾರಿದರೆ ಕಲ್ಲೇ ಎರಡು ಹೋಳು. ಹಲಸು ಹಾಕಿದರು, ಅದೂ ಗಟ್ಟಿ. ಹಸಿ ಮಾವಿನ ಹಲಗೆ ನೀರು ಕುಡಿದು ಸೊಟ್ಟಗಾಯಿತು. ಮೆತ್ತಗೂ ಇರಬೇಕು, ಚೆನ್ನಾಗಿ ಒಣಗಿರಲೂ ಬೇಕು…

ಮರುದಿನ ಅವರ ಹೆಂಡತಿ, ನಾನು ಅತ್ತೆ ಅನ್ನುತ್ತಿದ್ದವರು, ಊಟ ತೆಗೆದುಕೊಂಡು ಶೆಡ್ಡಿಗೆ ಹೊರಟರು. ನಾನೂ ಹೋದೆ. ವೈಸಿಗೆ ಬೇರೆ ಹಲಗೆ ಬಿದ್ದಿತ್ತು. ಒಂದರ ಅಂಚಿನಲ್ಲಿ ಕೆಮ್ಮಣ್ಣು, ಸುಣ್ಣದ ಎಳೆ. ನನಗೆ ಏನೂ ಹೊಳೆಯಲಿಲ್ಲ. ಅತ್ತೆಗೆ ಹೊಳೆಯಿತು.

“ಅಯ್ಯೋ, ಹಸೆಮಣೆ ಕಣ್ರೀ ಅದು!”

ಮದುವೆಯಲ್ಲಿ ಮಗಳು ಕೂತಿದ್ದ ಅತ್ತಿಮರದ ಮಣೆ. ಎರಡಾಗಿ ಕೊಯ್ದಿದ್ದರು. ಅದಕ್ಕೆ ಕಾಲು ತಾಗಿದರೂ ಬೈಸಿಕೊಳ್ಳಬೇಕಾದ ಮನೆ ಅದು.

“ಮೆತ್ತಗಿರೋದು ಇದೊಂದೇ ಕಣೇ,” ಅಂದರು ಮಾವ, ತಲೆ ಎತ್ತದೆ. “ಗಟ್ಟಿ ಮರ ಕಲ್ನ ಜಾರಿಸ್ಬುಡ್ತದೆ. ಇದು ಒಳಕ್ಕೆ ತಗಂತದೆ.”

“ನನ್ ಕೂಸು ಕೂತಿದ್ದ ಮಣೆ ನಿಮ್ಗೆ ಕಟ್ಟಿಗೆ ಆಯ್ತಾ?”

ಮಾವ ವೈಸಿನ ಹಿಡಿಕೆ ತಿರುಗಿಸಿದರು. ಕಲ್ಲಿನ ಮೊನೆಗಳು ಮರದೊಳಗೆ ಇಳಿಯುವ ಸದ್ದು ಕೇಳಿಸಿತು. ಅತ್ತೆ ಬುತ್ತಿಯನ್ನು ನನ್ನ ಕೈಗಿಟ್ಟರು. ಹೊರಟುಹೋಗುತ್ತಾರೆ ಅಂದುಕೊಂಡೆ. ಅವರು ನೀರಿನ ಚೊಂಬು ಹಿಡಿದು ಬ್ಲೇಡಿನ ಪಕ್ಕ ನಿಂತರು.

“ಹಾಕಿ ಮಿಷನ್ನ.”

ಕೊಯ್ದು ಮುಗಿಯುವ ತನಕ ನೀರು ಹುಯ್ದರು. ಕಲ್ಲು ಅಲುಗಲಿಲ್ಲ. ಬಿಚ್ಚಿದಾಗ ಹಲಗೆಗಳ ಮೈಯೆಲ್ಲ ಗಾಯ. ಅತ್ತೆ ಅವನ್ನು ಸೆರಗಿನಲ್ಲಿ ಒರೆಸಿ ಮನೆಗೆ ತಂದರು. ಅಡ್ಡಗಲ್ಲು ಬಿಳಿಗೆರೆ ದಾರಿಗೆ ಹೋಯಿತು.

ಮಾವ, ಅತ್ತೆ ಇಬ್ಬರೂ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೊರೆಗಲ್ಲನ್ನೂ ಕಿತ್ತರಂತೆ. ಎಲ್ಲಿ ಹಾಕಿದರೋ…

“ಅಮ್ಮ, ಯಾವ ಕಲ್ಲು ಮಾಡ್ಲಿ?” ಅಂದ ಅಂಗಡಿಯವನು. ಕಪ್ಪನೆಯದನ್ನು ತೋರಿಸಿದೆ. ಅದನ್ನು ಹಿಡಿಯಲು ಅವನ ಹತ್ತಿರ ಬೇಕಾದಷ್ಟು ಹಲಗೆ ಇದ್ದವು. ನನ್ನ ಮನೆಯಿಂದ ಏನೂ ಬೇಕಿರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದೆ.